ಎಡಹುರಿ

ಮಕ್ಕಳ ಕುರ್ಚಿಯಲ್ಲಿ ಕೂತರೆ ಮೊಣಕಾಲು ಎದೆಗೆ ತಾಗುತ್ತಿತ್ತು. ರಾಮಿರೊ ಮೇಷ್ಟ್ರು ತಮ್ಮ ದೊಡ್ಡ ಕುರ್ಚಿಯನ್ನೇ ತಂದಿಟ್ಟಿದ್ದರು. ಆದರೆ ಅದರ ಬೆನ್ನಿಗೆ ಅವರ ಕೋಟು ನೇತುಬಿದ್ದಿತ್ತು. ಒರಗಿದರೆ ಗಂಡಸಿನ ಎದೆಗೆ ಒರಗಿದಂತಾದೀತೆಂದು ನಿಕಾಸಿಯಾ ಚಿಕ್ಕದರಲ್ಲೇ ಮುದುಡಿ ಕೂತಳು. ಮಕ್ಕಳ ಮುಖ ನೋಡುವುದು ಅವಳಿಗೆ ಆಗುತ್ತಿರಲಿಲ್ಲ, ಕೈಗಳನ್ನಷ್ಟೇ ನೋಡುತ್ತಿದ್ದಳು. ಚಳಿಗೆ ಬಿರಿದ ಕೈ, ಸೀಮೆಸುಣ್ಣ ಮೆತ್ತಿದ ಕೈ, ಉಗುರು ಕಚ್ಚಿ ಕಚ್ಚಿ ಮೊಂಡಾದ ಕೈ. ಎಲ್ಲರೂ ಕಾಲಿನ ಹೆಬ್ಬೆರಳಿಗೆ ಲಾಮಾ ಉಣ್ಣೆಯ ಎಳೆಗಳನ್ನು ಬಿಗಿದುಕೊಂಡು, ನೆಲದ ಮೇಲೆ ಕಾಲು ಚಾಚಿ, ಕವಣೆ ಹೆಣೆಯುತ್ತಿದ್ದರು. ಕಂದು ಎಳೆ ಬಿಳಿಯ ಮೇಲೆ, ಬಿಳಿ ಕಂದಿನ ಮೇಲೆ. ಅಷ್ಟೂ ಕೈಗಳ ನಡುವೆ ಒಂದು ಜೋಡಿ ಕೈ ಎಳೆಗಳನ್ನು ನೋಡದೆಯೇ ದಾಟಿಸುತ್ತಿತ್ತು. ಆ ಕೈಯತ್ತ ಕಣ್ಣು ಹೋಗದಂತೆ ನಿಕಾಸಿಯಾ ಬೆಳಗಿನಿಂದ ತಡೆದಿದ್ದಳು. ಈಗ ಹೋಯಿತು. ಲುಸ್ಮೇರಿಯ ಕವಣೆ ಮುಗಿಯುತ್ತ ಬಂದಿತ್ತು. ಬೆರಳಿಗೆ ಸಿಕ್ಕಿಸುವ ಕುಣಿಕೆಯೊಂದೇ ಬಾಕಿ. ಅದರುದ್ದಕ್ಕೂ, ಉಳಿದೆಲ್ಲ ಎಳೆಗಳು ಬಲಕ್ಕೆ ವಾಲಿದ್ದರೆ, ಒಂದು ಕಪ್ಪು ಎಳೆ ಮಾತ್ರ ಎಡಕ್ಕೆ ತಿರುಗಿ, ಕತ್ತಿನ ನರದಂತೆ ಉಬ್ಬಿ ಹರಿದಿತ್ತು.

ಆ ಎಳೆಯನ್ನು ನೂತವಳು ನಿಕಾಸಿಯಾಳೇ. ಶಾಲೆಗೆಂದು ಉಣ್ಣೆ ನೂತು ಲಡಿ ಕಟ್ಟುತ್ತಿದ್ದ ಒಂದು ಸಂಜೆ ಕದಿರು ತಾನಾಗಿಯೇ ಎಡಕ್ಕೆ ತಿರುಗಿತ್ತು. ತಾನಾಗಿಯೇ ಅಂದುಕೊಳ್ಳುವುದು ಸುಲಭ. ಕದಿರು ಯಾವತ್ತೂ ತಾನಾಗಿ ತಿರುಗುವುದಿಲ್ಲ. ನೂಲುವುದನ್ನು ಕಲಿಸಿದ ಅಜ್ಜಿ, ಒಮ್ಮೆ ತಪ್ಪಿ ಎಡಕ್ಕೆ ತಿರುಗಿಸಿದ್ದಕ್ಕೆ ಅದೇ ಕದಿರಿನಿಂದ ಅವಳ ಗೆಣ್ಣಿಗೆ ಬಾರಿಸಿದ್ದಳು. ಕಾದಾಟದಲ್ಲಿ ಸತ್ತವನ ಮಗುವಿನ ಮೊದಲ ಕವಣೆಗೆ ಒಂದೆಳೆ ಎಡಹುರಿ ಬೀಳಬೇಕು, ಅದನ್ನು ನೂಲಬೇಕಾದದ್ದು ಎದುರು ಸೀಮೆಯವರು, ಹೊಡೆದ ಕೈಯೇ ನೂತರೆ ಇನ್ನೂ ಸರಿ, ನೂತವಳು ಆ ಕವಣೆಯೆದುರು ಒಂದು ದಿನ ನಿಲ್ಲಲೇಬೇಕು, ತಮಾಷೆಗೆ ನೂಲೋದಲ್ಲ ಅದು ಕತ್ತೆ, ಎಂದು ಅಜ್ಜಿ ಮತ್ತೂ ಒಂದು ಬಾರಿಸಿದ್ದಳು. ಗೆಣ್ಣು ಈಗಲೂ ಚಳಿಗೆ ನೋಯುತ್ತದೆ. ಆದರೂ ಲಡಿಗಳನ್ನು ಹಂಚುವಾಗ ನಿಕಾಸಿಯಾ ಆ ಕಪ್ಪು ಎಳೆಯಿದ್ದ ಲಡಿಯನ್ನು ಕೊನೆಗೆ ಇಟ್ಟುಕೊಂಡು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಲುಸ್ಮೇರಿಯ ಮಡಿಲಿಗೆ ಹಾಕಿದ್ದಳು. ಎಳೆ ಗಂಟಲಿಂದ ಹೊರಗೆ ಹೋದಂತೆ ಹಗುರಾಗಿತ್ತು ಆವತ್ತು. ಗುಟ್ಟಾಗಿ ಕ್ಷಮೆ ಕೇಳಿ, ಗುಟ್ಟಾಗಿಯೇ ಕ್ಷಮೆ ಪಡೆದು ಮನೆಗೆ ಹೋದ ಹಾಗೆ. ಆ ಗುಟ್ಟು ದಿನದಿನವೂ ಎಂಟು ವರ್ಷದ ಹುಡುಗಿಯ ಬೆರಳಲ್ಲಿ ಉದ್ದವಾಗುತ್ತ ಹೋಗುತ್ತದೆಂದು ಅವಳಿಗೆ ಹೊಳೆದಿರಲಿಲ್ಲ.

"ಚಿಕ್ಕಮ್ಮ, ಕುಣಿಕೆಗೆ ಬೆರಳಳತೆ ನೋಡ್ತೀಯಾ?" ಲುಸ್ಮೇರಿ ಮಧ್ಯದ ಬೆರಳನ್ನು ಚಾಚಿದಳು. ಆ ಬೆರಳು ಅವಳಪ್ಪ ಸೆಕುಂದಿನೊನದೇ. ಹಾಗೆಯೇ ತುದಿಯಲ್ಲಿ ಸ್ವಲ್ಪ ಹೊರಕ್ಕೆ ಬಾಗಿದ್ದು. ಸೆಕುಂದಿನೊ ಜೋಳದ ಹೆಂಡ ಚಿಚಾ ಕುಡಿಯಲು ತೊಗಲಿನ ಶಿರಸ್ತ್ರಾಣವನ್ನು ಹಿಂದಕ್ಕೆ ಸರಿಸಿದಾಗ, ಬಟ್ಟಲು ಹಿಡಿದ ಬೆರಳು ಹೀಗೆಯೇ ಹೊರಕ್ಕೆ ಬಾಗಿತ್ತು. ಕಳೆದ ಶಿಲುಬೆ ಹಬ್ಬದ ಟಿಂಕು ಕಾದಾಟ, ಪೇಟೆಯ ಚೌಕ, ಮೇಲ್ಸೀಮೆಯವರು ಇಗರ್ಜಿಯ ಕಡೆ, ಕೆಳಸೀಮೆಯವರು ಬಾವಿಯ ಕಡೆ. ಮುಷ್ಟಿಕಾಳಗ ಮುಗಿದು ಕಲ್ಲು ಶುರುವಾಗಿತ್ತು. ಪೊಲೀಸರ ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು. ಆ ನೀರಿನ ನಡುವೆ ಅವಳಿಗೆ ಒಂದು ಮುಖ ಮಾತ್ರ ಸ್ಪಷ್ಟವಾಗಿ ಕಂಡಿತ್ತು, ನಗುತ್ತಿದ್ದ ಮುಖ. ಕವಣೆ ತಲೆಯ ಮೇಲೆ ತಿರುಗುವಾಗ ಅವಳಿಗೆ ಸಿಟ್ಟಿರಲಿಲ್ಲ, ಅದೇ ಅವಳು ಯಾರಿಗೂ ಹೇಳಲಾರದ ಮಾತು, ಅವಳಿಗೆ ಖುಷಿಯಿತ್ತು. ಜನರೆದುರು ಬಾಯಿ ಬಿಡಲಾರದ ತಾನು, ಅಂಗಡಿಯಲ್ಲಿ ಉಪ್ಪು ಕೇಳಲೂ ತೊದಲುವ ತಾನು, ಆ ಹೊತ್ತು ಇಡೀ ಚೌಕಕ್ಕೆ ಕೇಳುವಂತೆ ಸುಂಯ್ಗುಟ್ಟುತ್ತಿದ್ದೆ ಎಂಬ ಖುಷಿ. ಹುರಿಯ ತುದಿ ಜಾರಿತು, ಕಲ್ಲು ಹೋಯಿತು. ಸೆಕುಂದಿನೊ ಚಪ್ಪಲಿಯ ಬಾರು ಕಟ್ಟಿಕೊಳ್ಳುವವನಂತೆ ನಿಧಾನವಾಗಿ ಕೂತ. ಏಳಲಿಲ್ಲ. ಯಾರ ಕಲ್ಲೆಂದು ಯಾರೂ ಕೇಳಲಿಲ್ಲ, ಕೇಳುವ ರೂಢಿಯಿಲ್ಲ. ನೋಡಿದವರು ನೋಡಿದ್ದರು. ಪಚಮಾಮ, ನೆಲದ ತಾಯಿ, ತನ್ನ ಪಾಲು ತೆಗೆದುಕೊಂಡಳು ಅಂದರು. ಆಲೂಗಡ್ಡೆ ಚೆನ್ನಾಗಿ ಬಂತು ಈ ಸಲ ಅಂದರು, ಎರಡೂ ಸೀಮೆಯವರು, ಅವಳ ಮುಂದೆಯೇ. ಸಿಪ್ಪೆ ಸುಲಿದಾಗ ಒಳಗಿನ ಆ ಒದ್ದೆ ಬಿಳುಪು ನೋಡಿ ಅವಳು ಗಡ್ಡೆಯನ್ನು ಕೆಳಗಿಡುತ್ತಿದ್ದಳು.

"ಅಮ್ಮಾ ನಿಕಾಸಿಯಾ, ಮಕ್ಕಳಿಗೆ ಸ್ವಲ್ಪ ಹೇಳಿ," ಮೇಷ್ಟ್ರು ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತರು. ಅವರ ಮಾತಿನಲ್ಲಿ ಯಾವಾಗಲೂ ಇರುವ ಆ ಮೃದುತನ ಅವಳನ್ನು ಇನ್ನಷ್ಟು ಕುಗ್ಗಿಸಿತು. "ನಮ್ಮ ಹಿರಿಯರು ಕವಣೆಯನ್ನ ಯಾತಕ್ಕೆ ಬಳಸ್ತಿದ್ರು? ಮಧ್ಯಾಹ್ನ ಶಿಕ್ಷಣ ಇಲಾಖೆಯ ಅಧಿಕಾರಿಣಿ ಬಂದಾಗ ಮಕ್ಕಳು ಹೇಳ್ಬೇಕಲ್ಲ." ಮೇಷ್ಟ್ರು ಒಳ್ಳೆಯವರು, ಅದೇ ಕಷ್ಟ. ಅವರ ಅಜ್ಜಿಯೂ ಇಂಥದೇ ಊರಿನವಳಂತೆ, ಆ ಮಾತು ಹೇಳುವಾಗ ಅವರ ಕಣ್ಣು ತುಂಬುತ್ತದೆ. ಹೊಸ ಕಾನೂನು ಬಂದಿದೆ, ಊರಿನ ವಿದ್ಯೆ ಶಾಲೆಗೆ ಬರಬೇಕು, ನೀವೇ ನಮ್ಮ ಪುಸ್ತಕ ಎಂದು ಅವರು ಅವಳ ಬಾಗಿಲಿಗೆ ಬಂದು ಕೈ ಮುಗಿದಂತೆ ನಿಂತಿದ್ದರು. ಇದೇ ಕೋಣೆಯಲ್ಲಿ ಮೂರನೇ ತರಗತಿಯ ನಿಕಾಸಿಯಾಳ ಸೊಂಟದಿಂದ ಕವಣೆ ಬಿಚ್ಚಿಸಿ, ಕತ್ತರಿಯಿಂದ ತುಂಡು ತುಂಡು ಮಾಡಿ, ಒಂದು ತುಂಡನ್ನು ಬಾಯಿಗೆ ತುರುಕಿ, ಬಾಗಿಲಲ್ಲಿ ಮಂಡಿಯೂರಿಸಿದ ಟೀಚರಮ್ಮನ ವಿಷಯ ಅವರಿಗೆ ಗೊತ್ತಿರಲಿಲ್ಲ. ಉಣ್ಣೆಯ ಜಿಡ್ಡು ನಾಲಗೆಯ ಮೇಲೆ ಇನ್ನೂ ಇತ್ತು. ಮಾರನೇ ದಿನದಿಂದ ಅವಳು ಶಾಲೆಗೆ ಬರಲಿಲ್ಲ, ಬಂದದ್ದು ಈಗಲೇ, ಪುಸ್ತಕವಾಗಿ.

"ಲಾಮಾ ಕಾಯೋಕೆ," ಅಂದಳು.

"ಕೇಳಿಸ್ಕೊಂಡ್ರಾ? ಲಾಮಾ ಕಾಯೋಕೆ."

"ಹಂಗಾದ್ರೆ ಇವಳಪ್ಪ ಲಾಮಾನಾ ಮೇಷ್ಟ್ರೇ?" ಎಂದ ಹಿಂದೆ ಕೂತ ವ್ಲಾದಿ, ಮೇಲ್ಸೀಮೆಯ ಹುಡುಗ. "ತಲೆಗೇ ಬಿದ್ದಿತ್ತಂತೆ. ಮ್ಯಾ ಅಂದನಂತೆ."

ಕೋಣೆಗೆ ಕೋಣೆಯೇ ನಕ್ಕಿತು. ಕೆಳಸೀಮೆಯ ಮಕ್ಕಳೂ ನಕ್ಕರು, ನಗು ಬಂದಾಗ ಮಕ್ಕಳಿಗೆ ಸೀಮೆಯಿರುವುದಿಲ್ಲ. ಮೇಷ್ಟ್ರು ಚಪ್ಪಾಳೆ ತಟ್ಟಿ, "ಛೆ ಛೆ, ಹಾಗನ್ನಬಾರ್ದು. ಅದೊಂದು ಆಕಸ್ಮಿಕ. ಕುಡಿದು ಗಲಾಟೆ ಮಾಡಿದ್ರೆ ಹಾಗಾಗುತ್ತೆ. ನಿಜವಾದ ಟಿಂಕು ಅಂದ್ರೆ ಕುಣಿತ, ಸೋದರರ ಕುಣಿತ. ನಾವು ಮಧ್ಯಾಹ್ನ ಕುಣೀತೀವಲ್ಲ, ಅದು," ಎಂದರು.

"ನಮ್ಮಪ್ಪ ಆಕಸ್ಮಿಕ ಸತ್ತಿಲ್ಲ," ಲುಸ್ಮೇರಿಯ ದನಿ ಏರಲಿಲ್ಲ. "ಕಾದಾಡಿ ಸತ್ತ." ಅಂದವಳು ಮೇಷ್ಟ್ರನ್ನು ನೋಡಲಿಲ್ಲ, ನಿಕಾಸಿಯಾಳನ್ನು ನೋಡಿದಳು. ಹೇಳು, ನೀನು ಪುಸ್ತಕವಲ್ಲವೇ, ಹೇಳು ಎಂಬಂತೆ. ನಿಕಾಸಿಯಾ ತನ್ನ ಸ್ಕರ್ಟಿನ ಅಂಚಿನ ಕಸೂತಿಯನ್ನು ನೋಡಿದಳು. ಅಲ್ಲೊಂದು ದಾರ ಕಿತ್ತು ಬಂದಿತ್ತು, ಅದನ್ನು ಬೆರಳಿಗೆ ಸುತ್ತಿದಳು, ಬೆರಳ ತುದಿ ನೀಲಿಯಾಗುವವರೆಗೆ. ತಲೆಯೆತ್ತಿದಾಗ ಹುಡುಗಿ ಅಲ್ಲಿರಲಿಲ್ಲ. ವ್ಲಾದಿಯ ಮೇಲಿದ್ದಳು. ಅವನ ಕಿವಿ ಅವಳ ಹಲ್ಲಿನ ನಡುವೆ ಇತ್ತು. ವ್ಲಾದಿಯ ಕಿರುಚಾಟ ನಿಜಕ್ಕೂ ಲಾಮಾ ಮರಿಯ ಕೂಗಿನಂತೆ ಇತ್ತು. ಮೇಷ್ಟ್ರು ಕೈ ಚೆಲ್ಲಿ ನಿಂತಿದ್ದರು. ನಿಕಾಸಿಯಾ ಹೋಗಿ ಹುಡುಗಿಯನ್ನು ಜಡೆ ಹಿಡಿದು ಎಳೆದಳು. ಎಳೆದ ಕೈಗೆ ಆ ಕಪ್ಪು ಎಳೆ ತಾಗಿತು, ಸುಟ್ಟಂತಾಯಿತು.

"ಕೊಡಿಲ್ಲಿ ಕವಣೆ. ತಪ್ಪು ಹೆಣೆದಿದೀಯ. ಬಿಚ್ಬೇಕು."

"ತಪ್ಪಿಲ್ಲ."

"ಇದೆ. ಒಂದೆಳೆ ತಪ್ಪಿದೆ. ಕೊಡು ಅಂದ್ನಲ್ಲ."

"ನೀನೇ ಕೊಟ್ಟ ಎಳೆ ಅದು."

ಆಗ ನಿಕಾಸಿಯಾ ಅವಳ ಕೆನ್ನೆಗೆ ಹೊಡೆದಳು. ಹೊಡೆತದ ಸದ್ದು ಇಷ್ಟು ದೊಡ್ಡದಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಯಾರಿಗೂ ಕೈಯಿಂದ ಹೊಡೆದವಳಲ್ಲ, ಯಾವಾಗಲೂ ದೂರದಿಂದ. ಹುಡುಗಿಯ ತುಟಿಯ ಮೇಲೆ ರಕ್ತವಿತ್ತು, ವ್ಲಾದಿಯದು. ಅದನ್ನವಳು ನೆಕ್ಕಿ ನುಂಗಿದಳು. ಕವಣೆಯನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡಿದ್ದಳು. "ಹೊಡಿಯೋ ಹಾಗಿಲ್ಲ ಅಮ್ಮಾ, ಶಾಲೇಲಿ ಹೊಡಿಯೋ ಹಾಗಿಲ್ಲ, ಅದೆಲ್ಲ ಹೋಯ್ತು," ಎಂದು ಮೇಷ್ಟ್ರು ಬೇಡಿಕೊಳ್ಳುವ ದನಿಯಲ್ಲಿ ಹೇಳುತ್ತಿದ್ದರು. ನಿಕಾಸಿಯಾ ಹೊರಗೆ ಬಂದಳು. ಯಾರೋ ತನ್ನ ಬಾಯಿಗೆ ಮತ್ತೆ ಉಣ್ಣೆ ತುರುಕಿದಂತಿತ್ತು.

ಶಾಲೆಯ ಹಿತ್ತಿಲಲ್ಲಿ ಅಧಿಕಾರಿಣಿಯ ಊಟಕ್ಕೆಂದು ಕುರಿ ಕಟ್ಟಿದ್ದರು. ಇಲಾರಿಯಾ ಕಲ್ಲಿಗೆ ಚಾಕು ಮಸೆಯುತ್ತಿದ್ದಳು. ಲುಸ್ಮೇರಿಯ ತಾಯಿ, ಸೆಕುಂದಿನೊನ ಹೆಂಡತಿ. ತಿರುಗಿ ಹೋಗಲು ನಿಕಾಸಿಯಾ ಕಾಲು ಹಿಂದಿಟ್ಟಾಗಲೇ ಅವಳು ತಲೆಯೆತ್ತದೆ, "ಬಾರೇ, ಕಾಲು ಹಿಡ್ಕೊ. ಈ ಅಡಿಗೆಯವಳು ಕುರಿಗಿಂತ ಜಾಸ್ತಿ ಒದರ್ತಾಳೆ," ಎಂದಳು. ಇಬ್ಬರೂ ಸೇರಿ ಕುರಿಯನ್ನು ಮಲಗಿಸಿದರು. ಸಿಮೆಂಟಿನ ಮೇಲಿಂದ ಎಳೆದು, ತಲೆ ಮಣ್ಣಿನ ಮೇಲೆ ಬರುವಂತೆ. ನಿಕಾಸಿಯಾ ಹಿಂಗಾಲುಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದಳು. ಆ ಬಿಸಿ ಹೊಟ್ಟೆ ಅವಳ ಮೊಣಕೈ ಕೆಳಗೆ ಏರಿಳಿಯುತ್ತಿತ್ತು. ಚಾಕು ಹೋಯಿತು. ರಕ್ತ ಮಣ್ಣಿಗೆ ಬಿದ್ದು, ಮೊದಲು ಗುಳ್ಳೆಯಾಗಿ ನಿಂತು, ಆಮೇಲೆ ಸದ್ದಿಲ್ಲದೆ ಒಳಗಿಳಿಯಿತು. ಕಾಲುಗಳು ಓಡುತ್ತಿದ್ದವು, ಎಲ್ಲಿಗೂ ಹೋಗದೆ.

"ಎಡಹುರಿ ನೂತದ್ದು ಯಾರು?" ಇಲಾರಿಯಾ ಕೇಳಿದಳು.

"ನಾನು."

"ಗೊತ್ತಿದ್ದೂ ನೂತ್ಯಾ?"

"ಕೈ ನೂಲ್ತು ಅಕ್ಕಾ."

"ಕೈ!" ಇಲಾರಿಯಾ ಚಾಕುವನ್ನು ಕುರಿಯ ಉಣ್ಣೆಗೆ ಒರೆಸಿದಳು. "ನಿನ್ನ ಕೈ ಒಂದು ದಿನ ಕಲ್ಲು ಎಸಿಯುತ್ತೆ, ಒಂದು ದಿನ ನೂಲುತ್ತೆ. ನೀನು ಎಲ್ಲಿರ್ತೀಯೇ ಆಗೆಲ್ಲ?" ಕಾಲುಗಳು ನಿಂತವು. ನಿಕಾಸಿಯಾ ಇನ್ನೂ ಹಿಡಿದೇ ಇದ್ದಳು. "ನಿನ್ನ ಮೇಲೆ ನಂಗೆ ಸಿಟ್ಟಿಲ್ಲ, ಬೇಕಾದ್ರೆ ಈ ಕುರಿ ಆಣೆ. ಅವನೂ ನಿಮ್ಮ ಕಡೆಯವರನ್ನ ಬೀಳಿಸ್ದವನೇ, ನಿಮ್ಮಣ್ಣನ ಹಲ್ಲು ಯಾರು ಉದುರಿಸಿದ್ದು ಮತ್ತೆ? ಗಂಡಸು ಗಂಡಸಿನ ಥರ ಬಿದ್ದ. ಆದ್ರೆ ಈ ಮೇಷ್ಟ್ರು ಬಂದ ಮೇಲೆ ಅದೂ ಇಲ್ಲ. ಕುಡುಕ ಅಂತೆ. ಆಕಸ್ಮಿಕ ಅಂತೆ. ಇವತ್ತು ಮೈಕಿನ ಮುಂದೆ ಮಗಳ ಕೈಲಿ ಹೇಳಿಸ್ತಾನಂತೆ, ನಮ್ಮ ಕವಣೆ ಯಾರನ್ನೂ ನೋಯಿಸಲ್ಲ ಅಂತ. ಆಮೇಲೆ ಉಣ್ಣೆ ಉಂಡೆ ಎಸೀಬೇಕಂತೆ. ಉಣ್ಣೆ ಉಂಡೆ! ಅವಳಪ್ಪನ ತಲೆ ಮೇಲೆ ಬಿದ್ದದ್ದು ಉಣ್ಣೆ ಉಂಡೆನಾ?"

ನಿಕಾಸಿಯಾಳ ಹಿಡಿತ ಇನ್ನಷ್ಟು ಬಿಗಿಯಾಯಿತು.

"ರಾತ್ರಿ ಮಗಳು ಆ ಎಳೆ ತೋರ್ಸಿ ಕೇಳಿದ್ಲು, ಇದು ಯಾಕೆ ಹಿಂಗಿದೆ ಅಂತ. ಹೇಳ್ದೆ. ಇದನ್ನ ನೂತೋಳು ಬಂದು ನಿನ್ನ ಮುಂದೆ ನಿಲ್ತಾಳೆ ಅಂದೆ. ಅವಳು ನಂಬಿದಾಳೆ. ನೀನು ನಿಲ್ದಿದ್ರೆ ನಾನು ಸುಳ್ಳಿ ಆಗ್ತೀನಿ, ಅವಳಪ್ಪ ಕುಡುಕ ಆಗ್ತಾನೆ." ಕುರಿಯ ಕತ್ತನ್ನು ತಿರುಚಿ ಲಟಕ್ಕನೆ ಮುರಿದಳು. "ಬಿಡು ಕಾಲು. ಸತ್ತಾಯ್ತಲ್ಲ, ಇನ್ನೂ ಏನು ಹಿಡ್ಕೊಂಡಿದೀಯ?"

ಮಧ್ಯಾಹ್ನದ ಬಿಸಿಲಿಗೆ ಹೊಸ ಸಿಮೆಂಟಿನ ಆಟದಂಗಳ ಕಣ್ಣು ಕುಕ್ಕುತ್ತಿತ್ತು. ಅಂಗಳದ ಗೋಡೆಯ ಮೇಲೆ ಮೇಷ್ಟ್ರು ಬರೆಸಿದ ದೊಡ್ಡ ಚಿತ್ರ, ಬಣ್ಣದ ಶಿರಸ್ತ್ರಾಣ ತೊಟ್ಟ ಇಬ್ಬರು ಗಂಡಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ನಗುವುದು. ಅಧಿಕಾರಿಣಿ ನೆರಳಲ್ಲಿ ಕೂತಿದ್ದಳು, ಕೊರಳಲ್ಲಿ ಹೂವಿನ ಹಾರ, ತಲೆಯ ಮೇಲೆ ಯಾರೋ ಎಸೆದ ಬಣ್ಣದ ಕಾಗದದ ಚೂರು. ತಾಯಂದಿರು ಅಂಗಳದ ಎರಡು ಬದಿ ಕೂತಿದ್ದರು. ಹಾಗೆ ಕೂರಲು ಯಾರೂ ಹೇಳಿರಲಿಲ್ಲ, ಮೇಲ್ಸೀಮೆಯವರು ಗೋಡೆಯ ಕಡೆ, ಕೆಳಸೀಮೆಯವರು ಹೊಲದ ಕಡೆ. ನಿಕಾಸಿಯಾಳಿಗೆ ಅಧಿಕಾರಿಣಿಯ ಪಕ್ಕದಲ್ಲೇ ಕುರ್ಚಿ. ಅವಳ ಉಗುರಿನ ಸಂದಿಯಲ್ಲಿ ಕುರಿಯ ರಕ್ತ ಒಣಗಿತ್ತು, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಓಡಿಹೋಗಬಹುದಿತ್ತು. ಬೆಟ್ಟ ಅಲ್ಲೇ ಇತ್ತು, ಲಾಮಾಗಳು ಅಲ್ಲೇ ಇದ್ದವು. ಓಡಿದರೆ ಯಾರೂ ಏನೂ ಅನ್ನುವುದಿಲ್ಲ, ಅದೇ ಭಯ. ನಾಳೆಯೂ ಜನ ಅವಳೆದುರು ಆಲೂಗಡ್ಡೆ ಚೆನ್ನಾಗಿ ಬಂತು ಅನ್ನುತ್ತಾರೆ. ಮಕ್ಕಳು ಕುಣಿದರು. ಒಂದೇ ಹೊತ್ತಿಗೆ ಎಡಗಾಲು, ಒಂದೇ ಹೊತ್ತಿಗೆ ಬಲಗಾಲು, ಮುಷ್ಟಿ ಮೇಲೆ, ಮುಷ್ಟಿ ಕೆಳಗೆ, ಯಾರ ಮುಷ್ಟಿಯೂ ಯಾರಿಗೂ ತಾಗದೆ. ಅಧಿಕಾರಿಣಿ ತಾಳ ಹಾಕಿದಳು. ಆಮೇಲೆ ಮೇಷ್ಟ್ರು ಲುಸ್ಮೇರಿಯನ್ನು ಮೈಕಿನ ಮುಂದೆ ನಿಲ್ಲಿಸಿದರು. ಮೈಕು ಅವಳ ಹಣೆಯೆತ್ತರಕ್ಕಿತ್ತು, ಬಗ್ಗಿಸಿದರು. ಬೆಳಗ್ಗೆ ಏಟು ತಿಂದ ಕೆನ್ನೆ ಇನ್ನೂ ಕೆಂಪಗಿತ್ತು, ಒಂದು ಕೈಯಲ್ಲಿ ಕುಣಿಕೆ ಮುಗಿದ ಕವಣೆ, ಇನ್ನೊಂದರಲ್ಲಿ ಉಣ್ಣೆ ಉಂಡೆ.

"ನಮ್ಮ ಕವಣೆ..." ಮೇಷ್ಟ್ರು ಪಿಸುಗುಟ್ಟಿದರು.

ಮೈಕಿನಲ್ಲಿ ಅವಳ ಉಸಿರು ಮಾತ್ರ ಕೇಳುತ್ತಿತ್ತು, ಇಡೀ ಅಂಗಳಕ್ಕೆ, ಮಲಗಿಸಿದ ಕುರಿಯ ಉಸಿರಿನಂತೆ. "ಹೇಳು ಪುಟ್ಟಿ, ನಾಚ್ಕೋಬೇಡ," ಎಂದಳು ಅಧಿಕಾರಿಣಿ. "ಯಾರನ್ನೂ ನೋಯಿಸಲ್ಲ," ಮೇಷ್ಟ್ರು ಮತ್ತೆ ಪಿಸುಗುಟ್ಟಿದರು, "ಹೇಳಮ್ಮ, ಯಾರನ್ನೂ..." ಕಿವಿಗೆ ಬಟ್ಟೆ ಕಟ್ಟಿಕೊಂಡ ವ್ಲಾದಿ ಸಾಲಿನಲ್ಲಿ ನಿಂತು ಸಣ್ಣಗೆ ಮ್ಯಾ ಅಂದ. ಆಗಲೂ ಹುಡುಗಿ ಅಳಲಿಲ್ಲ. ಸುತ್ತ ಹುಡುಕಿದಳು, ಸಿಕ್ಕಿತು, ನಿಕಾಸಿಯಾಳ ಮುಖ. ಈ ಸಲ ಕಣ್ಣು ತಪ್ಪಿಸಲು ನಿಕಾಸಿಯಾಳಿಗೆ ಸ್ಕರ್ಟಿನ ಅಂಚು ಕಾಣಲಿಲ್ಲ, ಯಾಕೆಂದರೆ ಅವಳು ಎದ್ದು ನಿಂತಿದ್ದಳು. ಯಾವಾಗ ಎದ್ದೆನೆಂದು ತಿಳಿಯಲಿಲ್ಲ. ಕೈಯಲ್ಲ, ತಾನು. ತಾನೇ ಎದ್ದದ್ದು. ಅಂಗಳ ದಾಟಿ ಗೋಡೆಯ ಕಡೆ, ತನ್ನ ಸೀಮೆಯ ಕಡೆ ಹೋಗಿ, ತಬ್ಬಿಕೊಂಡ ಗಂಡಸರ ಚಿತ್ರದ ಮುಂದೆ ತಿರುಗಿ ನಿಂತಳು. ತಲೆಯ ಹ್ಯಾಟು ತೆಗೆದು ಕೈಯಲ್ಲಿ ಹಿಡಿದಳು. ಜಡೆಯ ನಡುವಿನ ಬೈತಲೆಗೆ ಗಾಳಿ ತಾಗಿತು.

"ಲುಸ್ಮೇರಿ," ಅಂದಳು. ಮೈಕಿಲ್ಲದೆಯೂ ಎಲ್ಲರಿಗೂ ಕೇಳಿಸಿತು. "ಉಂಡೆ ಬಿಸಾಕು. ಕಲ್ಲು ತಗೊ."

ಅಧಿಕಾರಿಣಿ ಚಪ್ಪಾಳೆ ತಟ್ಟಿದಳು. ಊರಿನ ಹೆಂಗಸರು ತಟ್ಟಲಿಲ್ಲ. ಎರಡೂ ಬದಿಯ ಪಿಸುಮಾತು ಒಟ್ಟಿಗೇ ನಿಂತುಹೋಯಿತು. ಮೇಲ್ಸೀಮೆಯ ಮುದುಕಿಯೊಬ್ಬಳು ಬಾಯಿಂದ ಕೋಕಾ ಎಲೆಯ ಉಂಡೆ ತೆಗೆದು ಅಂಗೈಯಲ್ಲಿಟ್ಟುಕೊಂಡಳು. "ಇದು ಕಾರ್ಯಕ್ರಮದಲ್ಲಿ..." ಎಂದ ಮೇಷ್ಟ್ರು ಅಧಿಕಾರಿಣಿಯ ಮುಖ ನೋಡಿ, ಅವಳು ನಗುತ್ತಿದ್ದುದರಿಂದ, ಸುಮ್ಮನಾದರು. ಸಿಮೆಂಟಿನ ಮೇಲೆ ಕಲ್ಲೆಲ್ಲಿ. ಲುಸ್ಮೇರಿ ಅಂಗಳದ ಅಂಚಿಗೆ ಹೋಗಿ, ಹೊಲದ ಮಣ್ಣಲ್ಲಿ ಬಗ್ಗಿ, ಒಂದನ್ನೆತ್ತಿ ಬಿಟ್ಟು, ಇನ್ನೊಂದನ್ನು ಎತ್ತಿ, ಅಂಗೈಯಲ್ಲಿ ತೂಗಿದಳು. ಕೋಳಿಮೊಟ್ಟೆಗಿಂತ ಚಿಕ್ಕದು, ದುಂಡಗಿನದು. ಸರಿಯಾದದ್ದು. ಯಾರೂ ಅವಳಿಗೆ ಕಲ್ಲು ಆರಿಸುವುದನ್ನು ಕಲಿಸಿರಲಿಲ್ಲ.

ಕವಣೆ ತಿರುಗಿತು. ಮೊದಲ ಕಲ್ಲು ನಿಕಾಸಿಯಾಳ ತಲೆಯ ಮೇಲಿಂದ ಹೋಗಿ ಗೋಡೆಗೆ ಬಡಿಯಿತು. ನಗುವ ಗಂಡಸಿನ ಹಲ್ಲಿನ ಮೇಲಿಂದ ಸುಣ್ಣ ಉದುರಿ ಅವಳ ಕತ್ತಿನೊಳಗೆ ಇಳಿಯಿತು. ಹೊಟ್ಟೆಯೊಳಗೆ ಮೂತ್ರ ಬಿಸಿಯಾಗಿ ತುಂಬಿಕೊಂಡಿತು. ಸೆಕುಂದಿನೊಗೆ ಹೆದರಲೂ ಹೊತ್ತು ಸಿಕ್ಕಿರಲಿಲ್ಲ, ತನಗೆ ಸಿಕ್ಕಿದೆ ಎಂದುಕೊಂಡಳು.

"ಬೆರಳು ಬೇಗ ಬಿಟ್ಟೆ," ಅಂದಳು. "ಕೈ ಮುಂದೆ ಬರೋ ತನಕ ತಡಿ. ಕಲ್ಲು ನೋಡ್ಬೇಡ, ನನ್ನ ನೋಡು."

ಹುಡುಗಿ ಮತ್ತೆ ಹೊಲಕ್ಕೆ ಹೋಗಿ ಬಂದಳು. ಈಗ ಅಧಿಕಾರಿಣಿಯೂ ನಗುತ್ತಿರಲಿಲ್ಲ. ಕವಣೆಯ ಸದ್ದು ಎದ್ದಿತು, ಆ ಹಳೆಯ ಸುಂಯ್‌ಗುಟ್ಟುವಿಕೆ. ತಿರುಗುವ ಹುರಿಯಲ್ಲಿ ಒಂದು ಕ್ಷಣ ಕಪ್ಪು ಎಳೆ ಬೇರೆಯಾಗಿ ಕಂಡಿತು, ಕಂಡಿತೆಂದು ಅವಳಿಗನ್ನಿಸಿತು. ಹುಡುಗಿಯ ಮುಖದಲ್ಲಿ ಸಿಟ್ಟಿರಲಿಲ್ಲ. ಅಲ್ಲಿದ್ದುದು ಏನೆಂದು ನಿಕಾಸಿಯಾಳಿಗೆ ಚೆನ್ನಾಗಿ ಗೊತ್ತಿತ್ತು. ಇಡೀ ಚೌಕಕ್ಕೆ ಕೇಳುವ ಆ ಖುಷಿ. ಅದನ್ನು ಎದುರಿನಿಂದ ಅವಳು ಯಾವತ್ತೂ ನೋಡಿರಲಿಲ್ಲ.

ಕೆನ್ನೆಯ ಮೂಳೆ ಒಡೆದ ಸದ್ದು ಅವಳಿಗೆ ಒಳಗಿನಿಂದ ಕೇಳಿಸಿತು, ಒಣಗಿದ ಕುಡಿಕೆಯ ಮೇಲೆ ಕಾಲಿಟ್ಟಂತೆ. ಮೊಣಕಾಲಿಗೆ ಸಿಮೆಂಟು ಬಂದು ಹೊಡೆಯಿತು. ಬಾಯಲ್ಲಿ ಒಂದು ಹಲ್ಲು ಸಡಿಲಾಗಿ ನಾಲಗೆಗೆ ಸಿಕ್ಕಿತು. ಯಾರೋ ಕಿರುಚುತ್ತಿದ್ದರು, ಅದು ಅಧಿಕಾರಿಣಿ. ಒಂದು ಕಣ್ಣಿನಿಂದ ಅವಳಿಗೆ ಕಂಡದ್ದು ಮೇಷ್ಟ್ರು. ಹುಡುಗಿಯ ತೋಳನ್ನು ಹಿಡಿದು ಎಳೆದು ನಿಲ್ಲಿಸಿದ್ದರು, ಇನ್ನೊಂದು ಕೈ ಮೇಲೆ ಹೋಗಿತ್ತು. ಕಾನೂನು ಓದಿದ ಕೈ, ಬಾಗಿಲಲ್ಲಿ ಮುಗಿದು ನಿಂತ ಕೈ, ಅಗಲವಾಗಿ ಬಿಚ್ಚಿಕೊಂಡು ಬಿಸಿಲಲ್ಲಿ ನಿಂತಿತ್ತು.

"ಬಿಡಿ ಮೇಷ್ಟ್ರೇ," ಎಂದಳು ನಿಕಾಸಿಯಾ, ರಕ್ತದ ನಡುವಿನಿಂದ. "ಪಾಠ ಇನ್ನೂ ಮುಗೀಲಿಲ್ಲ."

ಕೈ ಅಲ್ಲೇ ಉಳಿಯಿತು. ಆಮೇಲೆ ಅದು ಯಾರದೋ ಎಂಬಂತೆ ಮೇಷ್ಟ್ರು ಅದನ್ನು ನೋಡಿದರು. ನಿಕಾಸಿಯಾ ಹ್ಯಾಟನ್ನು ಗಲ್ಲದ ಕೆಳಗೆ ಬೋಗುಣಿಯಂತೆ ಹಿಡಿದಳು. ರಕ್ತ ಸಿಮೆಂಟಿನ ಮೇಲೆ ಬಿದ್ದರೆ ನೆಲದ ತಾಯಿಗೆ ಸೇರುವುದಿಲ್ಲ, ಬಿಸಿಲಿಗೆ ಒಣಗಿ ನೊಣಕ್ಕಾಗುತ್ತದೆ. ಎದ್ದಳು, ಬಿದ್ದಳು, ಮತ್ತೆ ಎದ್ದಳು. ಯಾರೂ ಹಿಡಿಯಲು ಬರಲಿಲ್ಲ, ಬರಬಾರದೆಂದು ಎರಡೂ ಬದಿಯವರಿಗೆ ಗೊತ್ತಿತ್ತು. ಅಂಗಳದ ಅಂಚು ದಾಟಿ, ಕೆಳಸೀಮೆಯ ಹೆಂಗಸರ ನಡುವೆ ಹಾದು, ಹೊಲಕ್ಕೆ ಇಳಿದು, ಕಿತ್ತ ಆಲೂಗಡ್ಡೆಯ ಸಾಲಿನ ಮೇಲೆ ಕೂತು, ಹ್ಯಾಟನ್ನು ಬಗ್ಗಿಸಿದಳು. ಗುಳ್ಳೆಯಾಗಿ ನಿಂತಿತು, ಆಮೇಲೆ ಇಳಿಯಿತು. ಮುಖದಿಂದ ಇಳಿಯುವುದನ್ನು ಒರೆಸದೆ ನೇರ ಅಲ್ಲಿಗೇ ಬೀಳಲು ಬಿಟ್ಟಳು.

ಎದುರಿಗೆ ಎರಡು ಪುಟ್ಟ ಚಪ್ಪಲಿಗಳು ಬಂದು ನಿಂತವು. ಟೈರಿನಿಂದ ಕೊಯ್ದು ಮಾಡಿದ ಚಪ್ಪಲಿಗಳು, ಒಂದರ ಬಾರು ಬಿಚ್ಚಿತ್ತು. ಲುಸ್ಮೇರಿ ಕುಕ್ಕರಿಸಿ ಕೂತು ಮಣ್ಣನ್ನು ನೋಡಿದಳು, ಆಮೇಲೆ ಆ ಮುಖವನ್ನು. ಈಗ ಮಾತ್ರ ಅವಳ ಗಲ್ಲ ನಡುಗತೊಡಗಿತು. ಕವಣೆಯನ್ನು ನಿಕಾಸಿಯಾಳ ಮಡಿಲಲ್ಲಿಟ್ಟಳು.

"ಬೆಳಿಗ್ಗೆ ತಪ್ಪಿದೆ ಅಂದ್ಯಲ್ಲ ಚಿಕ್ಕಮ್ಮ. ಎಲ್ಲಿ?"

ನಿಕಾಸಿಯಾ ಕವಣೆಯನ್ನು ಒಂದು ಕಣ್ಣಿಗೆ ಹತ್ತಿರ ಹಿಡಿದು, ಕುಣಿಕೆಯಿಂದ ಶುರುಮಾಡಿ ಕಲ್ಲು ಕೂರುವ ಗೂಡಿನವರೆಗೆ, ಗೂಡಿನಿಂದ ತುದಿಯವರೆಗೆ, ಬೆರಳಿನಿಂದ ಒಂದೊಂದೇ ಎಳೆಯನ್ನು ಮುಟ್ಟುತ್ತ ಹೋದಳು. ಕಂದು, ಬಿಳಿ, ಕಂದು, ಕಪ್ಪು. ಅವಳ ಬೆರಳು ಹೋದಲ್ಲೆಲ್ಲ ಕೆಂಪು ಹತ್ತಿಕೊಂಡಿತು. ತುದಿ ಮುಟ್ಟಿದ ಮೇಲೆ ನಾಲಗೆಯ ಮೇಲಿನ ಹಲ್ಲನ್ನು ಮಣ್ಣಿಗೆ ಉಗಿದು, ಕವಣೆಯನ್ನು ಹುಡುಗಿಯ ಕೈಗೆ ವಾಪಸು ಇಟ್ಟಳು.

"ತಪ್ಪಿಲ್ಲ," ಅಂದಳು. "ಸರಿಯಾಗಿದೆ."